ಅನಧಿಕೃತ ಓ

ಬಚ್ಚಲವ್ವ ಸತ್ತುಹೋಗಿದ್ದಾಳೆಂದು ನಗರಸಭೆಯವರು ಚೀಟಿ ಅಂಟಿಸುತ್ತಿದ್ದ ಹೊತ್ತಿನಲ್ಲೇ ಅವಳ ಹೊಟ್ಟೆಯೊಳಗೆ ಬಾಣಂತಿಯೊಬ್ಬಳು ಕೂತು ನೀರು ಹೊಯ್ಯಿಸಿಕೊಳ್ಳುತ್ತಿದ್ದಳು. ಹಂಡೆ ಕುದಿಯುತ್ತಿತ್ತು. ಸಾಂಬ್ರಾಣಿ ಹೊಗೆ ಕಿಟಕಿ ದಾಟಿ ಬೀದಿಗೆ ಬರುತ್ತಿತ್ತು. ಕೂಸು ಊರಿಗೆಲ್ಲ ಕೇಳುವ ಹಾಗೆ ಕಿರುಚುತ್ತಿತ್ತು. ಇಷ್ಟೆಲ್ಲ ಒಳಗಿಟ್ಟುಕೊಂಡವಳು ಸತ್ತಿದ್ದಾಳಂತೆ! ಚೀಟಿಗೆ ಗೋಂದು ಬಳಿಯುತ್ತಿದ್ದ ಜವಾನ ಆ ಹೊಗೆಗೆ ಕೆಮ್ಮಿ ಕೆಮ್ಮಿ ಕಣ್ಣೊರೆಸಿಕೊಳ್ಳುತ್ತಿದ್ದ, ಆದರೂ ಅಂಟಿಸಿದ. ಇದನ್ನು ನೆನೆದರೆ ಇವತ್ತಿಗೂ ನನ್ನ ಮೈಯೆಲ್ಲ ಉರಿಯುತ್ತದೆ. ಹೇಳುತ್ತ ಹೇಳುತ್ತ ನನ್ನ ದನಿ ಏರಿದರೆ ಬೇಸರ ಮಾಡಿಕೊಳ್ಳಬೇಡಿ.

ಬಚ್ಚಲವ್ವ ಎಂದರೆ ಹೆಂಗಸಲ್ಲ, ಕಟ್ಟಡ. ನಮ್ಮೂರ ಸಂತೆಪೇಟೆಯ ಹಿಂದೆ, ಗಾರೆಯ ದಪ್ಪ ಗೋಡೆಗಳ, ತಲೆ ಬಗ್ಗಿಸಿಯೇ ಒಳಗೆ ಹೋಗಬೇಕಾದ ಬಾಗಿಲಿನ ಒಂದು ಹಳೆಯ ಬಿಸಿನೀರಿನ ಮನೆ. ಒಳಗೆ ಗೋಡೆಗೆ ಸೇರಿಸಿ ಕಟ್ಟಿದ ಒಲೆಗಳು, ಒಲೆಗಳ ಮೇಲೆ ಹೂತಿಟ್ಟ ತಾಮ್ರದ ಹಂಡೆಗಳು, ಕೂತು ಕೂತು ನುಣ್ಣಗಾದ ಕಲ್ಲುಗಳು. ಕಟ್ಟಿಸಿದವರು ಯಾರೋ ಯಾರಿಗೂ ಗೊತ್ತಿಲ್ಲ. ತವರಿಲ್ಲದವರು, ಮನೆಯಲ್ಲಿ ತಲೆಗೆ ಎರೆಯುವವರಿಲ್ಲದವರು, ಬಚ್ಚಲೇ ಇಲ್ಲದ ಒಂಟಿ ಕೋಣೆಯಲ್ಲಿ ಬದುಕುವವರು ಹೆತ್ತ ಮೇಲೆ ಕೂಸನ್ನು ಎದೆಗವಚಿಕೊಂಡು ಇಲ್ಲಿಗೆ ಬರುತ್ತಾರೆ. ಅಲ್ಲಿನ ಒಲೆ ನೋಡಿಕೊಳ್ಳುವ ಪುಟ್ಟಲಿಂಗಮ್ಮ ಬಂದವರ ಮೈಗೆ ಹರಳೆಣ್ಣೆ ಅರಿಶಿನ ತಿಕ್ಕಿ, ಸೊಂಟಕ್ಕೆ ಬಿಸಿಬಿಸಿ ನೀರು ಎರಚಿ, ಕೂಸನ್ನು ತನ್ನ ಕಾಲ ಮೇಲೆ ಮಲಗಿಸಿಕೊಂಡು ಎರೆಯುತ್ತಾಳೆ. ಅವಳಿಗಿಂತ ಮುಂಚೆ ಅವಳ ಅತ್ತೆ ಎರೆಯುತ್ತಿದ್ದಳು. ಯಾವ ಜಾತಿ, ಯಾವ ಕೇರಿ ಎಂದು ಅಲ್ಲಿ ಯಾರೂ ಕೇಳಿದ್ದಿಲ್ಲ. ಆವತ್ತು ಒಳಗೆ ಕೂತಿದ್ದವಳು ಜುಬೇದಾ, ನನ್ನ ಬಳೆ ಅಂಗಡಿಯ ಪಕ್ಕದಲ್ಲಿ ಹೂವು ಕಟ್ಟುವ ಹುಡುಗಿ. ಗಂಡ ಲಾರಿಯ ಮೇಲೆ ಹೋದವನು ಇನ್ನೂ ಬಂದಿರಲಿಲ್ಲ. ಚೊಚ್ಚಲ ಹೆರಿಗೆ, ಮೈಯಲ್ಲಿ ರಕ್ತವೇ ಇರಲಿಲ್ಲ.

ನಮ್ಮೂರಿನಲ್ಲಿ ಹಳೆಯ ಕಟ್ಟಡಗಳು ಕರೆದರೆ ಓ ಅನ್ನುತ್ತವೆ. ಕೆಲವು ಬೇಗ ಕಲಿಯುತ್ತವೆ, ಕೆಲವಕ್ಕೆ ಇನ್ನೊಂದು ತಲೆಮಾರು ಬೇಕಾಗುತ್ತದೆ. ಓ ಬಿಟ್ಟರೆ ಬೇರೆ ಮಾತಿಲ್ಲ. ನಾವೂ ಅದಕ್ಕೆ ಹೊಂದಿಕೊಂಡಿದ್ದೇವೆ. ಹೆಣ್ಣು ನೋಡಲು ಹೋದವರು ಜಾತಕಕ್ಕಿಂತ ಮೊದಲು ಹುಡುಗಿಯ ಹೆಸರೂ ತಮ್ಮ ಮನೆಯ ಹೆಸರೂ ಒಂದೇ ಅಲ್ಲ ತಾನೇ ಎಂದು ನೋಡಿಕೊಳ್ಳುತ್ತಾರೆ. ನೋಡಿಕೊಳ್ಳದೆ ಸೀತಾನಿಲಯಕ್ಕೆ ಸೀತೆಯನ್ನೇ ತಂದ ಮನೆಯೊಂದಿದೆ. ಆ ಮನೆಯನ್ನು ಎಲ್ಲರೂ ಸೀತಾ ಎಂದೇ ಕರೆದು ರೂಢಿ. ಗಂಡ ಸೀತಾ ಅಂದಾಗಲೆಲ್ಲ ಗೋಡೆಯೇ ಮೊದಲು ಓ ಅಂದುಬಿಡುವುದರಿಂದ ಆ ಪುಣ್ಯಾತಗಿತ್ತಿ ಕೂತಲ್ಲಿಂದ ಏಳುವುದನ್ನೇ ಬಿಟ್ಟಿದ್ದಾಳೆ. ಬಾಡಿಗೆಗೆ ಬರುವವರು ಮನೆಯನ್ನು ಕರೆದು ನೋಡಿ, ಓ ಅಂದ ರೀತಿಯಲ್ಲೇ ಅದು ಮುಂಗೋಪಿಯೋ ಸಾಧುವೋ ಅಂದಾಜು ಮಾಡುತ್ತಾರೆ. ಮಕ್ಕಳು ದಾರಿಯಲ್ಲಿ ಹೋಗುತ್ತ ಸುಮ್ಮಸುಮ್ಮನೆ ಗಡಿಯಾರದ ಗೋಪುರವನ್ನು ಕರೆದು ಓಡಿಹೋಗುತ್ತಾರೆ, ಅದು ಪಾಪ ಪ್ರತಿ ಸಲವೂ ಓ ಅನ್ನುತ್ತದೆ.

ಓ ಅನ್ನುವ ಕಟ್ಟಡಕ್ಕೆ ಹಾರೆ ಮುಟ್ಟಿಸುವ ಹಾಗಿಲ್ಲ. ಅದು ನಮ್ಮೂರಿನ ಕಾನೂನು. ಯಾವುದಾದರೂ ಕಟ್ಟಡ ಕೆಡವಬೇಕೆಂದರೆ ನಗರಸಭೆಯ ಕೂಗುಗಾರ ಅದರ ಬಾಗಿಲಲ್ಲಿ ನಿಂತು ಮೂರು ಸಲ ಹೆಸರು ಹಿಡಿದು ಕೂಗಬೇಕು. ಒಂದಕ್ಕಾದರೂ ಓ ಬಂದರೆ ಬದುಕಿತು. ಬರದಿದ್ದರೆ ಬಾಗಿಲಿಗೆ ಮೃತ ಕಟ್ಟಡ ಎಂಬ ಚೀಟಿ ಬೀಳುತ್ತದೆ. ಚೀಟಿ ಬಿದ್ದ ಕಟ್ಟಡದಲ್ಲಿ ಆಮೇಲೆ ಒಲೆ ಉರಿಸಬಾರದು, ಕೂತು ಕೆಲಸ ಮಾಡಬಾರದು. ಕೂಗುಗಾರ ಮುದ್ದಯ್ಯ ಒಳ್ಳೆಯ ಮನುಷ್ಯ, ಶಂಖದಂಥ ಗಂಟಲು. ಕೆರೆಯ ಆಚೆ ದಡದ ಕಟ್ಟಡವನ್ನು ಈಚೆ ದಡದಿಂದ ಕೂಗಿ ಓ ಅನ್ನಿಸಿದವನು.

ಈ ಕಟ್ಟಡಗಳ ಪರವಾಗಿ ಓಡಾಡುವುದಕ್ಕೆಂದೇ ನಮ್ಮದೊಂದು ಸಂಸ್ಥೆಯಿದೆ. ಪುರಾತನ ಕಟ್ಟಡ ಸಂರಕ್ಷಣಾ ಬಳಗ ಎಂಬುದು ಅದರ ದೊಡ್ಡ ಹೆಸರು. ಊರಿನವರು ಓ ಸಂಘ ಅನ್ನುತ್ತಾರೆ. ಸಂಬಳವಿಲ್ಲ, ಲಾಭವಿಲ್ಲ, ಬೈಗುಳ ಬೇಕಾದಷ್ಟಿದೆ. ಅಧ್ಯಕ್ಷರು ಪದ್ಮನಾಭಯ್ಯನವರು, ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿ ನಿವೃತ್ತರಾದವರು. ಅವರ ಬಾಯಲ್ಲಿ ಅನ್ನ ಕೂಡ ಅನ್ನವಾಗಿ ಉಳಿಯುವುದಿಲ್ಲ, ಭೋಜನವಾಗುತ್ತದೆ. ನಾನು ಕಾರ್ಯದರ್ಶಿ. ಹೆಚ್ಚು ಓದಿದವಳಲ್ಲ, ಗಂಟಲು ದೊಡ್ಡದು ಎಂದು ಆರಿಸಿದರು.

ಹಿಂದಿನ ಕಮಿಷನರುಗಳಿಗೂ ನಮಗೂ ಜಗಳವಿತ್ತು, ಆದರೆ ಕಟ್ಟಡ ಓ ಅಂದಮೇಲೆ ಅವರು ಸುಮ್ಮನಾಗುತ್ತಿದ್ದರು. ಈಗ ಬಂದಿರುವ ಚಂದ್ರಹಾಸ ಎಂಬ ಮಹಾನುಭಾವ ಬೇರೆ ಊರಿನವನು, ಕಟ್ಟಡಗಳು ಮಾತಾಡದ ಊರಿನಿಂದ ವರ್ಗವಾಗಿ ಬಂದವನು. ಬಂದವನೇ ಹಳೆಯ ಕಟ್ಟಡಗಳಿಗೆ ಗೌರವ ಸಲ್ಲಿಸುವ ಕಾರ್ಯಕ್ರಮ ಶುರುಮಾಡಿದ. ಕುದುರೆಲಾಯವೆಂದು ಊರೆಲ್ಲ ಕರೆಯುತ್ತಿದ್ದ ಕಟ್ಟಡಕ್ಕೆ ಅಶ್ವವೈಭವ ಸಭಾಂಗಣ ಎಂದು ಹೆಸರಿಟ್ಟು ಗ್ರಾನೈಟ್ ಬೋರ್ಡು ಹಾಕಿಸಿ ಹಾರ ತುರಾಯಿ ಮಾಡಿದ. ಸ್ವಲ್ಪ ದಿನ ಕಳೆದ ಮೇಲೆ ಬೋರ್ಡಿನ ಹೆಸರಿನಲ್ಲಿ ಕೂಗಿಸಿದ. ಅದಕ್ಕೇನು ಗೊತ್ತು ತಾನು ಅಶ್ವವೈಭವ ಎಂದು? ಪಾಪ, ಯಾರನ್ನೋ ಕರೆಯುತ್ತಿದ್ದಾರೆ ಎಂದುಕೊಂಡು ಸುಮ್ಮನಿತ್ತು. ಈಗ ಅಲ್ಲಿ ಕಾರು ನಿಲ್ಲಿಸುತ್ತಾರೆ.

ಇದು ಕಣ್ಣೆದುರಿಗೆ ನಡೆದ ಮೇಲೂ ನಮ್ಮ ಪದ್ಮನಾಭಯ್ಯನವರಿಗೆ ಅದೊಂದು ಆಕಸ್ಮಿಕ. ಕಮಿಷನರು ಬಚ್ಚಲವ್ವನಿಗೂ ಬೋರ್ಡು ಹಾಕಿಸುತ್ತೇನೆ, ತಾವೇ ಒಂದು ಒಳ್ಳೆಯ ಹೆಸರು ಸೂಚಿಸಬೇಕು ಎಂದು ಕೈಮುಗಿದದ್ದೇ ತಡ, ಅವರು ಕರಗಿ ನೀರಾದರು. ಬಳಗದ ಸಭೆಯಲ್ಲಿ ನಾನು ಹೌಹಾರಿ ಎದ್ದು ನಿಂತೆ.

"ಅಯ್ಯನೋರೆ, ಅವಳಿಗೆ ಹೆಸರಿದೆ. ಬಚ್ಚಲವ್ವ ಅಂತ. ಹುಟ್ಟಿದಾಗಿನಿಂದ ಅದಕ್ಕೇ ಓ ಅಂತಿದ್ದಾಳೆ. ಈಗ ಹೊಸ ಹೆಸರು ಯಾವ ಕರ್ಮಕ್ಕೆ?"

"ನೀಲಮ್ಮನವರೆ, ಸ್ವಲ್ಪ ಸಮಾಧಾನ ತಂದುಕೊಳ್ಳಿ," ಅಂದರು ಅವರು. "ಬಚ್ಚಲು ಅನ್ನೋ ಶಬ್ದ ಕೇಳೋದಕ್ಕೇ ಒಂಥರಾ ಇದೆ. ನಾಳೆ ಹೊರಗಿನಿಂದ ದೊಡ್ಡವರು ನೋಡೋಕೆ ಬರ್ತಾರೆ. ಅವರೆದುರಿಗೆ ಬಚ್ಚಲವ್ವ ಬನ್ನಿ ಬಚ್ಚಲವ್ವ ನೋಡಿ ಅನ್ನೋಕಾಗತ್ತಾ? ತಾಯಂದಿರ ಸ್ಥಳ ಅದು. ಅದಕ್ಕೊಂದು ಘನತೆ ಬೇಡವೇ?"

"ತಾಯಂದಿರಿಗೆ ಬಿಸಿನೀರು ಬೇಕು ಅಯ್ಯನೋರೆ. ಘನತೆ ಕಾಯಿಸ್ಕೊಂಡು ಹುಯ್ಕೊಳಕ್ಕಾಗಲ್ಲ."

ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ನನ್ನದೊಂದು ಕೈ ಬಿಟ್ಟು ಉಳಿದ ಕೈಗಳೆಲ್ಲ ಮೇಲೆದ್ದವು. ಮಾತೃಮಂಗಳ ಸ್ನಾನಸೌಧ ಎಂದು ತೀರ್ಮಾನವಾಯಿತು. ಬೋರ್ಡು ಹಾಕುವ ದಿನ ಪದ್ಮನಾಭಯ್ಯನವರು ಮಾತೃ ಶಬ್ದದ ಮೇಲೆ ಭಾಷಣ ಮಾಡುತ್ತಿದ್ದರೆ ಪುಟ್ಟಲಿಂಗಮ್ಮ ಬಾಗಿಲಲ್ಲಿ ನಿಂತು ಸೆರಗಿನಿಂದ ಬೆವರೊರೆಸಿಕೊಳ್ಳುತ್ತ, "ಏನಕ್ಕಾ ಬರ್ದವ್ರೆ ಅದ್ರಾಗೆ?" ಎಂದು ನನ್ನನ್ನು ಕೇಳಿದಳು. ಓದಿ ಹೇಳಿದೆ. "ಇದ್ಯಾರ ಮನೆ ಹೆಸ್ರು?" ಅಂದಳು. ನನಗೆ ಅಳು ಬಂತು.

ನಾನು ಹೆದರಿದ್ದಂತೆಯೇ ಆಯಿತು. ಸಂತೆಪೇಟೆಯಲ್ಲಿ ಅಂಗಡಿ ಸಾಲು ಕಟ್ಟುವುದಕ್ಕೆ ಜಾಗ ಸಾಲದು ಎಂಬ ಮಾತು ಎದ್ದಿತು, ಅದರ ಹಿಂದೆಯೇ ಕೂಗಿಸುವ ಆಜ್ಞೆ ಬಂತು. ಆ ಬೆಳಿಗ್ಗೆ ಮುದ್ದಯ್ಯ ಬಚ್ಚಲವ್ವನ ಮುಂದೆ ನಿಂತು, ನನ್ನ ಕಡೆ ತಿರುಗಿಯೂ ನೋಡದೆ, ಬೋರ್ಡನ್ನು ಅಕ್ಷರ ಅಕ್ಷರ ಓದಿ ಕೂಗಿದ. ಮಾತೃಮಂಗಳ ಸ್ನಾನಸೌಧಾ! ಒಳಗೆ ನೀರು ಹೊಯ್ಯುವ ಸದ್ದು ಮಾತ್ರ ಕೇಳಿಸಿತು. ಇನ್ನೊಮ್ಮೆ ಕೂಗಿದ. ಮೂರನೆಯ ಸಲಕ್ಕೆ ಅವನ ಶಂಖದ ಗಂಟಲು ಒಡೆಯಿತು. ಕಮಿಷನರು ಜವಾನನಿಗೆ ಕಣ್ಣು ಮಿಟುಕಿಸಿದ.

ನಾನು ಜನರನ್ನು ತಳ್ಳಿಕೊಂಡು ಮುಂದೆ ಹೋಗಿ ಎದೆಯಲ್ಲಿದ್ದ ಉಸಿರೆಲ್ಲ ಸೇರಿಸಿ, "ಬಚ್ಚಲವ್ವಾ!" ಎಂದು ಕೂಗಿದೆ.

"ಓ," ಅಂದಳು. ಕೊಡದೊಳಗೆ ಬಾಯಿಟ್ಟು ಅಂದ ಹಾಗೆ ಬೆಚ್ಚಗಿನ ದನಿ. ನೆರೆದವರೆಲ್ಲ ಕೇಳಿದರು. ಮುದ್ದಯ್ಯ ಕೇಳಿದ. ಜವಾನ ಕೇಳಿ ಗೋಂದಿನ ಡಬ್ಬಿ ಕೆಳಗಿಟ್ಟ.

ಕಮಿಷನರ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. "ಬೋರ್ಡಿನಲ್ಲಿರೋ ಹೆಸರಿಗೆ ಬಂದರೆ ಮಾತ್ರ ಓ ಅಂತ ಲೆಕ್ಕ. ಇದು ಅನಧಿಕೃತ ಓ. ಅಂಟಿಸಯ್ಯಾ," ಅಂದ.

ಅನಧಿಕೃತ ಓ! ಬದುಕಿರುವವರು ಬದುಕಿದ್ದೇನೆ ಅನ್ನುವುದಕ್ಕೂ ಇವನ ಅಪ್ಪಣೆ ಬೇಕೇನು? ಚೀಟಿ ಬಿತ್ತು. ಬಿದ್ದ ಮರುಕ್ಷಣವೇ ಇಬ್ಬರು ಆಳುಗಳು ಒಳಗೆ ನುಗ್ಗಿ, ಹೆಂಗಸರಿದ್ದಾರೆ ಎಂಬ ನಾಚಿಕೆಯೂ ಇಲ್ಲದೆ, ಉರಿಯುತ್ತಿದ್ದ ಒಲೆಗೆ ಬಕೆಟ್ಟುಗಟ್ಟಲೆ ತಣ್ಣೀರು ಸುರಿದರು. ಒಳಗೆಲ್ಲ ಹಬೆ, ಬೂದಿ. ಪುಟ್ಟಲಿಂಗಮ್ಮ ಕೈಯಲ್ಲಿದ್ದ ಚೊಂಬನ್ನೇ ಬೀಸಿದಳು. "ಯಾರ್ಲಾ ಸತ್ತೋರು? ನಾನಿನ್ನೂ ನೀರು ಹುಯ್ತಾ ಇವ್ನಿ, ಕಣ್ ಕಾಣಾಕಿಲ್ವಾ ನಿಮ್ಗೆ?" ಎಂದು ಕಿರುಚಿದಳು. ಜುಬೇದಾಳನ್ನು ಒದ್ದೆ ಸೀರೆಯಲ್ಲೇ, ತಲೆಯಲ್ಲಿ ಸೀಗೆಪುಡಿ ಹಾಗೇ ಇದ್ದಂತೆ, ಕಂಬಳಿ ಸುತ್ತಿ ಅವಳ ಕೋಣೆಗೆ ಸಾಗಿಸಿದೆವು. ಸಂಜೆಯ ಹೊತ್ತಿಗೆ ಅವಳಿಗೆ ಚಳಿಜ್ವರ ಹಿಡಿದಿತ್ತು. ಕೂಸಿಗೆ ಹಾಲೂ ಇಳಿಯಲಿಲ್ಲ.

ಮಾರನೆಯ ದಿನ ನಾನೂ ಪದ್ಮನಾಭಯ್ಯನವರೂ ಕಮಿಷನರ ಕೋಣೆಗೆ ಹೋದೆವು. ಪದ್ಮನಾಭಯ್ಯನವರ ಮುಖ ನೋಡುವ ಹಾಗಿರಲಿಲ್ಲ. ರಾತ್ರಿಯೆಲ್ಲ ಅವರ ಹೆಂಡತಿ ಅವರಿಗೆ ಮಂಗಳಾರತಿ ಎತ್ತಿದ್ದರಂತೆ, ಆಕೆಯೂ ಚೊಚ್ಚಲ ಹೆರಿಗೆಗೆ ಬಚ್ಚಲವ್ವನಲ್ಲಿಯೇ ಎರೆಸಿಕೊಂಡವರಂತೆ. ಆ ಸಂಗತಿ ಅವರಿಗೆ ಇಷ್ಟು ವರ್ಷ ಗೊತ್ತಿರಲಿಲ್ಲ. ಹೆಂಗಸರು ಎಲ್ಲಿ ಹೋಗಿ ಏನು ಸ್ನಾನ ಮಾಡಿ ಬರುತ್ತಾರೆ ಎಂದು ಗಂಡಸರು ಕೇಳಿದ್ದುಂಟೇ?

"ಕೆಡವೋದು ಶುಕ್ರವಾರ," ಅಂದ ಕಮಿಷನರು. "ಬಾಣಂತಿಯರಿಗೆ ಆಸ್ಪತ್ರೆ ಇದೆ. ಗೀಸರ್ ಇದೆ."

"ಜುಬೇದಾ ಕೋಣೇಲಿ ಕರೆಂಟೇ ಇಲ್ಲ ಸಾಹೇಬ್ರೆ. ಅವಳಿಗೆ ಜ್ವರ ಬಂದಿರೋದು ನಿಮ್ಮ ತಣ್ಣೀರಿನಿಂದ. ನಿಮ್ಮ ಕಾನೂನಿಗೆ ಬೆಂಕಿ ಬೀಳ. ಆ ಕಟ್ಟಡ ಓ ಅಂದದ್ದು ನಿಮ್ಮ ಕಿವೀಗೇ ಬಿದ್ದಿದೆ. ಕೇಳಿಸಿಕೊಂಡು ಕೊಂದರೆ ಅದು ಕೊಲೆ."

ಅವನು ಕುರ್ಚಿಗೆ ಒರಗಿ, ಪದ್ಮನಾಭಯ್ಯನವರಿಗೆ ಮಾತ್ರ ಹೇಳುವವನಂತೆ ನಕ್ಕ. "ಬಚ್ಚಲು ಉಳಿಸೋಕೆ ಬಚ್ಚಲುಬಾಯಿಯನ್ನೇ ಕರಕೊಂಡು ಬಂದಿದ್ದೀರಿ, ಮೇಷ್ಟ್ರೆ."

ನಾನು ಎದ್ದುಬಂದೆ. ಅಲ್ಲೇ ಇದ್ದಿದ್ದರೆ ಮೇಜಿನ ಮೇಲಿನ ಪೇಪರ್‌ವೆಯ್ಟ್ ಏನಾಗುತ್ತಿತ್ತೋ. ಮೆಟ್ಟಿಲಿಳಿಯುವಾಗ ಇಬ್ಬರು ಗುಮಾಸ್ತೆಯರು ಟೀ ಕುಡಿಯುತ್ತ ಮಾತಾಡುತ್ತಿದ್ದರು. "ದೊಡ್ಡಿಗೆ ಬರೋಕೆ ಇವತ್ತು ಬಸ್ಸೇ ಸಿಗಲಿಲ್ಲ ಕಣೇ," ಎಂದು ಒಬ್ಬಳು ಅಂದಳು. ನನ್ನ ಕಾಲು ಅಲ್ಲೇ ನಿಂತುಬಿಟ್ಟಿತು. ತಲೆಯೆತ್ತಿ ಬೋರ್ಡು ನೋಡಿದೆ. ನಾಗರಿಕ ಸೇವಾ ಸೌಧ ಎಂದು ಹಿತ್ತಾಳೆಯ ಅಕ್ಷರಗಳು ಹೊಳೆಯುತ್ತಿದ್ದವು.

ಹೊರಗಿನವರಿಗೆ ಹೇಳಬೇಕು. ನಮ್ಮ ನಗರಸಭೆಯ ಕಚೇರಿ ಮೊದಲು ದನದ ದೊಡ್ಡಿಯಾಗಿತ್ತು. ಪೈರಿಗೆ ನುಗ್ಗಿದ ತುಡುಗು ದನಗಳನ್ನು ಹಿಡಿದು ತಂದು ಕೂಡುತ್ತಿದ್ದ ಜಾಗ. ಆ ಕಲ್ಲುಗೋಡೆಗಳ ಮೇಲೆಯೇ ಮಹಡಿ ಎಬ್ಬಿಸಿ ಕಚೇರಿ ಮಾಡಿದ್ದಾರೆ. ದನ ಕಟ್ಟುತ್ತಿದ್ದ ಕಲ್ಲುಬಳೆಗಳು ಇನ್ನೂ ತೆರಿಗೆ ಕಟ್ಟುವ ಕಿಟಕಿಯ ಕೆಳಗಿವೆ. ಊರಿನವರೆಲ್ಲ ದೊಡ್ಡಿ ಎಂದೇ ಅನ್ನುತ್ತಾರೆ. ನೌಕರರ ಹೆಂಡಿರು ಕೂಡ ನಮ್ಮೆಜಮಾನರು ದೊಡ್ಡಿಗೆ ಹೋಗವ್ರೆ ಅನ್ನುತ್ತಾರೆ. ಸಾಹೇಬರ ಎದುರಿಗೆ ಮಾತ್ರ ಯಾರಿಗೂ ಅನ್ನುವ ಧೈರ್ಯವಿಲ್ಲ, ಹಾಗಾಗಿ ಸಾಹೇಬರಿಗೆ ಗೊತ್ತಿಲ್ಲ.

ನಾನು ನನ್ನ ಹಿಂದೆಯೇ ಇಳಿದು ಬಂದ ಪದ್ಮನಾಭಯ್ಯನವರ ಕೈ ಹಿಡಿದು ಟೀ ಅಂಗಡಿಯ ಮರೆಗೆ ಎಳೆದುಕೊಂಡು ಹೋಗಿ ಕಿವಿಯಲ್ಲಿ ಹೇಳಿದೆ. ಆ ಮನುಷ್ಯ ಮೊದಲು ಕಣ್ಣು ಬಿಟ್ಟರು, ಆಮೇಲೆ ನಕ್ಕರು. ಅವರು ಹಲ್ಲು ಕಾಣುವಂತೆ ನಕ್ಕದ್ದನ್ನು ನಾನು ನೋಡಿದ್ದು ಆವತ್ತೇ. ಕೂಡಲೇ ವಾಪಸು ಮೆಟ್ಟಿಲು ಹತ್ತಿ ಕಮಿಷನರ ಮುಂದೆ ಕೈಮುಗಿದು, ಆದದ್ದಾಯಿತು, ತಮ್ಮ ಕಾಲದಲ್ಲಿ ಈ ನಾಗರಿಕ ಸೇವಾ ಸೌಧಕ್ಕೆ ಪಾರಂಪರಿಕ ಕಟ್ಟಡವೆಂಬ ಗೌರವ ಸಲ್ಲಬೇಕೆಂದು ಬಳಗದ ಆಸೆ, ಸಾರ್ವಜನಿಕವಾಗಿ ಕೂಗಿಸಿ ಓ ಅನ್ನಿಸಿದರೆ ತಮ್ಮ ಹೆಸರಿನ ಫಲಕ ಹಾಕಿಸುತ್ತೇವೆ ಎಂದು ಶುದ್ಧ ಗ್ರಂಥಸ್ಥ ಭಾಷೆಯಲ್ಲಿ ಬಿನ್ನವಿಸಿದರು. ಕಲ್ಲಿನ ಮೇಲೆ ತನ್ನ ಹೆಸರು ಎಂದರೆ ಚಂದ್ರಹಾಸನಿಗೆ ಜೊಲ್ಲು ಸುರಿಯುತ್ತದೆ. ಶುಕ್ರವಾರ ಬೆಳಿಗ್ಗೆಯೇ ಇಟ್ಟುಕೊಳ್ಳಿ, ಇದನ್ನು ಮುಗಿಸಿ ಅದನ್ನು ಕೆಡವೋಣ ಅಂದನಂತೆ. ಇದನ್ನು ಮುಗಿಸಿ ಅದನ್ನು ಕೆಡವುವುದು! ಊಟ ಮುಗಿಸಿ ಎಲೆ ಎತ್ತುವವನ ಹಾಗೆ.

ಶುಕ್ರವಾರ ಕಚೇರಿಯ ಮುಂದೆ ಶಾಮಿಯಾನ, ಮೈಕು, ಕುರ್ಚಿ. ಕಮಿಷನರು ಹಾರ ಹಾಕಿಕೊಂಡು ಮುಂದಿನ ಸಾಲಿನಲ್ಲಿ ಕೂತ. ಪಕ್ಕದಲ್ಲಿ ಕೆಡವುವ ಆಳುಗಳು ಹಾರೆ ಗುದ್ದಲಿ ಇಟ್ಟುಕೊಂಡು, ಸಂತೆಪೇಟೆಗೆ ಹೊರಡುವುದಕ್ಕೆ ಕಾಯುತ್ತಿದ್ದರು. ನೌಕರರೆಲ್ಲ ಹೊರಗೆ ಬಂದು ನಿಂತಿದ್ದರು. ಏನಾಗುತ್ತದೆಂದು ಅವರಿಗೆ ಗೊತ್ತಿತ್ತು, ಒಬ್ಬರೂ ತುಟಿ ಬಿಚ್ಚಲಿಲ್ಲ. ಮುದ್ದಯ್ಯ ಬಾಗಿಲಿಗೆ ಎದುರಾಗಿ ನಿಂತ. ಆವತ್ತು ಅವನ ಗಂಟಲಿಗೆ ಏನು ಉತ್ಸಾಹ ಬಂದಿತ್ತೆಂದರೆ, ನಾಗರಿಕ ಸೇವಾ ಸೌಧಾ ಎಂಬ ಕೂಗಿಗೆ ಮರದ ಕಾಗೆಗಳೆಲ್ಲ ಎದ್ದವು. ಕಟ್ಟಡ ಸುಮ್ಮನಿತ್ತು. ಎರಡನೆಯದಕ್ಕೂ ಸುಮ್ಮನಿತ್ತು. ಮೂರನೆಯ ಕೂಗು ಮುಗಿದು ಮಾರ್ದನಿಯೂ ಅಡಗಿದ ಮೇಲೆ ಜವಾನ, ಓ ಬರದಿದ್ದರೆ ನಿಂತ ನಿಲುವಿನಲ್ಲೇ ಅಂಟಿಸಬೇಕೆಂಬ ಸಾಹೇಬರ ಕಟ್ಟಪ್ಪಣೆಯಂತೆ, ಹೋಗಿ ಬಾಗಿಲಿಗೆ ಮೃತ ಕಟ್ಟಡ ಎಂದು ಅಂಟಿಸಿಬಿಟ್ಟ.

"ಏಯ್, ಏನೋ ಮಾಡ್ತಿದ್ದೀಯ!" ಎಂದು ಕಮಿಷನರು ಎದ್ದ. ಹಾರ ಕುರ್ಚಿಗೆ ಸಿಕ್ಕಿಕೊಂಡಿತು.

"ಚೀಟಿ ಬಿತ್ತು ಸಾಹೇಬ್ರೆ," ಅಂದೆ ನಾನು. "ಇನ್ನು ಒಳಗೆ ಕೂತು ಕೆಲಸ ಮಾಡೋ ಹಾಗಿಲ್ಲ. ಕಾನೂನು ಅಂದ್ರೆ ಕಾನೂನು."

ಆಳುಗಳ ಮೇಸ್ತ್ರಿ ಬಂದು ಬಹಳ ವಿನಯದಿಂದ, "ಯಾವ್ದು ಮೊದ್ಲು ಸಾಮಿ, ಇದಾ ಅದಾ?" ಎಂದು ಕೇಳಿದ. ಜನ ಹೋ ಎಂದು ನಕ್ಕರು. ನಾನು ನಗಲಿಲ್ಲ. ನನ್ನ ಕಣ್ಣೆದುರಿಗೆ ಇದ್ದದ್ದು ಸೀಗೆಪುಡಿ ಮೆತ್ತಿಕೊಂಡು ನಡುಗುತ್ತಿದ್ದ ಆ ಹುಡುಗಿಯ ತಲೆ.

ಯಾರೋ ಹೋಗಿ ಕಮಿಷನರ ಕಿವಿಯಲ್ಲಿ ಕಟ್ಟಡದ ನಿಜವಾದ ಹೆಸರನ್ನು ಹೇಳಿದರು. ಅವನ ಮುಖ ಬದನೆಕಾಯಿಯಾಯಿತು. ಮುದ್ದಯ್ಯನ ಕಡೆ ತಿರುಗಿ, "ಆ ಹೆಸರಲ್ಲಿ ಕೂಗು," ಅಂದ.

"ಆಗಾಕಿಲ್ಲ ಸಾಮಿ. ಬೋರ್ಡಲ್ಲಿ ಇಲ್ದಿರೋ ಹೆಸ್ರು ಕೂಗಿದ್ರೆ ಸಸ್ಪೆಂಡ್ ಅಂದವ್ರು ನೀವೇಯ. ನಂಗೂ ಹೆಂಡ್ರು ಮಕ್ಳವ್ರೆ."

"ಹಾಗಾದ್ರೆ ನಾನೇ ಕೂಗ್ತೀನಿ."

"ಕೂಗಿ," ಅಂದೆ. "ಆದ್ರೆ ಅದು ಅನಧಿಕೃತ ಓ ಆಗುತ್ತಲ್ಲ?"

ಆಗ ಪದ್ಮನಾಭಯ್ಯನವರು ಕೆಮ್ಮಿದರು. ಸ್ವಾಮಿ, ಒಂದು ಆದೇಶ ಹೊರಡಿಸಿದರೆ ಅಧಿಕೃತವಾಗುತ್ತದೆ, ಒಕ್ಕಣೆ ನಾನು ಬರೆದುಕೊಡುತ್ತೇನೆ ಅಂದರು. ಈ ಕಟ್ಟಡದ ಮಟ್ಟಿಗೆ ಮಾತ್ರ ಎಂದು ಬರೆಯಿರಿ ಎಂದು ಕಮಿಷನರು ಹೇಳಿದ, ನಾನೇ ಕೇಳಿಸಿಕೊಂಡೆ. ಪದ್ಮನಾಭಯ್ಯನವರು ಬರೆದದ್ದು ಹೀಗೆ: ನಗರದ ಯಾವುದೇ ಕಟ್ಟಡವನ್ನು ಜನರ ಬಾಯಲ್ಲಿರುವ ಹೆಸರಿನಿಂದ ಕೂಗಬೇಕೆಂದು ನಾಗರಿಕರು ಕೋರಿದ ಪಕ್ಷದಲ್ಲಿ ಕಮಿಷನರು ಸ್ವತಃ ಕೂಗತಕ್ಕದ್ದು, ಓ ಬಂದಲ್ಲಿ ಅಂಟಿಸಿದ ಚೀಟಿಯನ್ನು ಕಿತ್ತುಹಾಕತಕ್ಕದ್ದು, ಅಂಥ ಕಟ್ಟಡಕ್ಕೆ ಮುಂದೆಂದೂ ಚೀಟಿ ಹಚ್ಚತಕ್ಕದ್ದಲ್ಲ. ಒಳಗೆ ಕೂತು ಸಹಿ ಮಾಡುವ ಹಾಗಿರಲಿಲ್ಲವಲ್ಲ, ಜೀಪಿನ ಬಾನೆಟ್ಟಿನ ಮೇಲಿಟ್ಟು, ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು, ಓದದೆಯೇ ಸಹಿ ಮಾಡಿದ. ಅವನಿಗೆ ಅವಸರ, ಮೇಸ್ತ್ರಿ ಆಗಲೇ ಕಾಂಪೌಂಡಿನ ಕಲ್ಲು ತಟ್ಟಿ ನೋಡುತ್ತಿದ್ದ.

ಆಮೇಲೆ ನಮ್ಮೂರಿನ ಕಮಿಷನರು ತನ್ನ ಕಚೇರಿಯ ಮುಂದೆ ನಿಂತು, ಕತ್ತಿನ ನರ ಉಬ್ಬುವಂತೆ, "ದೊಡ್ಡೀ!" ಎಂದು ಕೂಗಿದ.

"ಓ..." ಅಂದಿತು ಕಟ್ಟಡ. ಅಷ್ಟು ಉದ್ದದ ಓ ನಮ್ಮೂರಿನಲ್ಲಿ ಯಾರೂ ಕೇಳಿರಲಿಲ್ಲ. ಬೆಳಗಿನಿಂದ ಯಾರಾದರೂ ಕರೆಯಲಿ ಎಂದೇ ಕಾಯುತ್ತಿದ್ದ ಹಾಗಿತ್ತು.

ನಾನು ಅವನನ್ನು ಬೆವರೊರೆಸಿಕೊಳ್ಳಲೂ ಬಿಡಲಿಲ್ಲ. ನಾಗರಿಕಳಾಗಿ ಕೋರುತ್ತಿದ್ದೇನೆ, ಬಚ್ಚಲವ್ವನನ್ನು ಈಗಲೇ ಕೂಗಬೇಕು ಅಂದೆ. ಅದು ಬೇರೆ ಇದು ಬೇರೆ, ಇದು ಸರ್ಕಾರದ ಕಟ್ಟಡ ಎಂದು ತೊದಲಿದ. ಪದ್ಮನಾಭಯ್ಯನವರು ಆದೇಶವನ್ನು ಎತ್ತಿಹಿಡಿದು, ಪಾಠ ಓದುವ ಹಾಗೆ, ಯಾವುದೇ ಎಂಬ ಶಬ್ದವನ್ನು ಬಿಡಿಸಿ ಬಿಡಿಸಿ ಓದಿದರು. ಸಹಿ ಯಾರದು ಸ್ವಾಮಿ ಎಂದು ಕೇಳಿದರು. ಜನ ಆಗಲೇ ಸಂತೆಪೇಟೆಯ ಕಡೆ ಹೊರಟಿದ್ದರು, ನಡುವೆ ಅವನು, ಹಿಂದೆ ಹಾರೆ ಹೊತ್ತ ಆಳುಗಳು.

ಪುಟ್ಟಲಿಂಗಮ್ಮ ಬೋರ್ಡಿನ ಕೆಳಗೆ, ಹೊಸಿಲಿಗೆ ಅಡ್ಡಲಾಗಿ ಕೂತಿದ್ದಳು. ಜುಬೇದಾಳೂ ಅಲ್ಲಿದ್ದಳು. ಕೋಣೆಯಲ್ಲಿ ಒಬ್ಬಳೇ ಸಾಯುವುದಕ್ಕಿಂತ ಅವ್ವನ ಬಾಗಿಲಲ್ಲೇ ಇರುತ್ತೇನೆ ಎಂದು ಬಂದುಬಿಟ್ಟಿದ್ದಳಂತೆ. ಗೋಡೆಗೆ ಒರಗಿ, ಕಂಬಳಿಯೊಳಗೆ ಕೂಸನ್ನು ಹುದುಗಿಸಿಕೊಂಡು ಕಣ್ಣು ಮುಚ್ಚಿದ್ದಳು. ಕಮಿಷನರು ಅವಳ ಕಡೆ ನೋಡಲಿಲ್ಲ. ಅವನಿಗೆ ಒಂದು ಉಪಾಯ ಹೊಳೆದಿತ್ತು, ಅದು ಅವನ ತುಟಿಯ ಕೊಂಕಿನಲ್ಲೇ ಕಾಣುತ್ತಿತ್ತು. ಬಾಗಿಲಿಗೆ ಮುಖ ಮಾಡಿ, ವೀಳ್ಯ ಅಗಿಯುವವನ ಹಾಗೆ, "ಬಚ್ಲವ" ಅಂದ. ಸುಮ್ಮನೆ. ಮತ್ತೆ "ಬಚ್ಲ" ಎಂದು ಉಗುಳಿದ. ಸುಮ್ಮನೆ.

"ಎರಡಾಯ್ತು," ಅಂದ.

"ಅಕ್ಷರ ಪೂರ್ತಿ ಬರಬೇಕು ಸ್ವಾಮಿ!" ಎಂದು ಪದ್ಮನಾಭಯ್ಯನವರು ಕೂಗಾಡಿದರು. "ಚಕಾರಕ್ಕೆ ಒತ್ತು ಕೊಡಿ! ವಕಾರಕ್ಕೂ ಒತ್ತಿದೆ! ಇದು ಅನ್ಯಾಯ!"

"ಅಕ್ಷರ ಪೂರ್ತಿ ಹೇಳ್ತೀನಿ ಮೇಷ್ಟ್ರೆ. ಇಷ್ಟೇ ಗಟ್ಟಿಯಾಗಿ ಅಂತ ನಿಮ್ಮ ಆದೇಶದಲ್ಲಿ ಬರೆದಿಲ್ಲವಲ್ಲ," ಅಂದ ಕಮಿಷನರು. "ಒಂದು ಕೂಗು ಉಳಿದಿದೆ."

ನನಗೆ ಅದೇ ಜಾಗದಲ್ಲಿ ಅವನ ಕತ್ತು ಹಿಡಿಯಬೇಕು ಅನ್ನಿಸಿತು, ದೇವರಾಣೆ. ತನ್ನ ದೊಡ್ಡಿಯನ್ನು ಊರಿಗೆಲ್ಲ ಕೇಳುವಂತೆ ಕೂಗಿದವನು ಈಗ ಬಾಗಿಲಿನ ಹತ್ತಿರಕ್ಕೆ ಹೋಗಿ, ಬಗ್ಗಿ, ನಮಗೆ ಯಾರಿಗೂ ಕೇಳದ ಹಾಗೆ ಬರೀ ತುಟಿ ಅಲುಗಿಸಿದ. ಬಚ್ಚಲವ್ವಾ. ಅಕ್ಷರಗಳೆಲ್ಲ ತುಟಿಯ ಮೇಲಿದ್ದವು, ದನಿ ಒಂದಿಷ್ಟೂ ಇರಲಿಲ್ಲ. ಆಮೇಲೆ ನೆಟ್ಟಗಾಗಿ ಜೇಬಿನಿಂದ ಕರವಸ್ತ್ರ ತೆಗೆದ.

ಅವನಿಗೆ ತಿಳಿಯದೇ ಇದ್ದದ್ದು ಇಷ್ಟೆ. ಹೆತ್ತು ಮೂರು ದಿನವಾದವಳು ಗಂಟಲು ಹರಿದುಕೊಂಡು ಕರೆಯುತ್ತಾಳೆಯೇ? ಬಾಗಿಲಿಗೆ ಹಣೆಯಾನಿಸಿ, ಉಸಿರಿನಲ್ಲೇ ಅವ್ವಾ ಅನ್ನುತ್ತಾಳೆ. ತಲೆತಲಾಂತರದಿಂದ ಆ ಅವ್ವ ಕೇಳಿಸಿಕೊಂಡು ಬಂದಿರುವುದು ಅಂಥ ಉಸಿರುಗಳನ್ನೇ.

"ಓ," ಅಂದಳು ಬಚ್ಚಲವ್ವ.

ಕರವಸ್ತ್ರ ಅವನ ಕೈಯಲ್ಲೇ ಉಳಿಯಿತು. ಮುದ್ದಯ್ಯ ಹೋಗಿ ಚೀಟಿ ಕಿತ್ತ. ಪುಟ್ಟಲಿಂಗಮ್ಮ ಯಾರಿಗೂ ಕಾಯದೆ ಒಳಗೆ ಓಡಿ ಒಲೆಗೆ ಬೆಂಕಿ ಹಾಕಿದಳು, ನಾವು ಜುಬೇದಾಳನ್ನು ಎತ್ತಿಕೊಂಡು ಹೋಗಿ ಒಲೆಯ ಪಕ್ಕದ ಕಲ್ಲಿನ ಮೇಲೆ ಕೂರಿಸಿದೆವು. ಹೊರಗೆ ಜನರೆಲ್ಲ ಚಪ್ಪಾಳೆ ತಟ್ಟುತ್ತಿದ್ದರು, ಪದ್ಮನಾಭಯ್ಯನವರು ಬಚ್ಚಲವ್ವ ಬಚ್ಚಲವ್ವ ಎಂದು ಅಕ್ಷರ ಬಿಡಿಸಿ ಕೂಗುತ್ತ ಮಗುವಿನ ಹಾಗೆ ಅಳುತ್ತಿದ್ದರು. ನಾನು ಚಪ್ಪಾಳೆ ತಟ್ಟಲಿಲ್ಲ. ಇಷ್ಟು ಜನ ಮಕ್ಕಳಿದ್ದೂ, ಬದುಕಿದ್ದೇನೆ ಎಂದು ತೋರಿಸುವುದಕ್ಕೆ ಅವಳು ತನ್ನನ್ನು ಕೊಲ್ಲಲು ಬಂದವನಿಗೇ ಓ ಅನ್ನಬೇಕಾಯಿತಲ್ಲ ಎಂದು ನನ್ನ ಹೊಟ್ಟೆ ಉರಿಯುತ್ತಿತ್ತು.